ಮೀನಿಲ್ಲದ ಬಾವಿಯ ನೀರು

ಕಳೆದ ಮಂಗಳವಾರ ಒಂದು ಖಾಲಿ ಕೊಡಪಾನ ಹಿಡಿದುಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಕಂಡಕ್ಟರ್ ಒಮ್ಮೆ ಕೊಡಪಾನ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಹ್ವಾಯ್, ಎಲ್ಲಿಗ್ ಹೊರಟ್ದ್ ಮರ್ರೆ? ನೀರಿಗಾ?"

"ಅಲ್ಲ, ಮೀನಿಗೆ" ಅಂದೆ.

ಇಡೀ ಬಸ್ಸು ನಕ್ಕಿತು. ನಗದೆ ಇನ್ನೇನು? ಕುಂದಾಪುರ ಪೇಟೆಯವನು, ಕಡಲಿನ ಸದ್ದು ಕೇಳುತ್ತ ಮಲಗುವವನು, ಮೀನು ತರಲು ಘಟ್ಟದ ಬುಡಕ್ಕೆ ಹೊರಟಿದ್ದಾನೆ! (ಅದೂ ತಿನ್ನಲಿಕ್ಕಲ್ಲ. ಅದನ್ನೂ ಹೇಳಿದ್ದರೆ ಮುಂದಿನ ಸ್ಟಾಪಿನಲ್ಲೇ ಇಳಿಸುತ್ತಿದ್ದರೋ ಏನೋ.)

ವಿಷಯ ಇಷ್ಟು. ಈ ಬೇಸಗೆಯಲ್ಲಿ ಮನೆಯ ಹಿಂದೆ ಹೊಸ ಬಾವಿ ತೋಡಿಸಿದೆ. ಕೆಂಪು ಮುರಕಲ್ಲು ಕಡಿದು ಕಡಿದು ಆಳುಗಳ ಕೈಯಲ್ಲಿ ಬೊಕ್ಕೆ ಬಂದ ಮೇಲೆ ನೀರು ಬಂತು. ಒಳ್ಳೆಯ ಸಿಹಿ ನೀರು. ಗಂಗೆ ಪೂಜೆಯೂ ಆಯಿತು. ಆದರೆ ನನ್ನ ಹೆಂಡತಿ ಆ ನೀರಿನಲ್ಲಿ ಅನ್ನಕ್ಕೆ ಎಸರಿಡಲು ಒಪ್ಪಲಿಲ್ಲ. ಏಕೆ? ಬಾವಿಗೆ ಇನ್ನೂ ಮೀನು ಬಿಟ್ಟಿಲ್ಲವಲ್ಲ!

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು. ಹೊಸ ಬಾವಿಗೆ ಹೊಳೆಯಿಂದ ಎರಡು ಬಾವಿಮೀನು ತಂದು ಬಿಡುವುದು ನಮ್ಮ ಹಿರಿಯರ ಕ್ರಮ. ಕಿರುಬೆರಳಷ್ಟು ಉದ್ದದ ಬೆಳ್ಳಿಬಣ್ಣದ ಮೀನು, ಪಕ್ಕೆಯಲ್ಲಿ ಎರಡು ಕಪ್ಪು ಪಟ್ಟೆ. ಪಂಡಿತರು ಅದಕ್ಕೊಂದು ಉದ್ದ ಹೆಸರು ಇಟ್ಟಿರಬಹುದು. ನಾವು ಬಾವಿಗೆ ಬಿಡುತ್ತೇವೆ, ಆದ್ದರಿಂದ ಬಾವಿಮೀನು ಅನ್ನುತ್ತೇವೆ. ಅದು ಸೊಳ್ಳೆಯ ಮರಿ ತಿಂದುಕೊಂಡು ನೀರು ಕಾಯುತ್ತದೆ. ಎಂಟು ದಿನ ಬದುಕಿದರೆ ನೀರು ಪಾಸು. ಸತ್ತು ತೇಲಿದರೆ ಫೇಲು.

ನಾನು ಸುಮ್ಮನಿರುವವನೇ? ಬ್ಲೀಚಿಂಗ್ ಪೌಡರಿನ ಮಹಿಮೆಯ ಬಗ್ಗೆ ಒಂದು ಲೆಕ್ಚರ್ ಕೊಟ್ಟೆ.

"ಪೌಡರ್ ನಿಮ್ ಮುಖಕ್ ಹಚ್ಕಣಿ. ಬಾವಿಗ್ ಮೀನ್ ತನ್ನಿ" ಅಂದಳು.

ಅಲ್ಲಿಯವರೆಗೆ ಪಕ್ಕದ ಮನೆಯ ಬಾವಿಯೇ ಗತಿ. ದಿನಕ್ಕೆ ಹನ್ನೆರಡು ಕೊಡಪಾನ ನೀರು ಅವಳೇ ಹೊತ್ತಳು. ಹದಿನೈದು ದಿನವಾಗುವಷ್ಟರಲ್ಲಿ ಪಕ್ಕದ ಮನೆಯವರು ಬಾವಿಯ ಹಗ್ಗ ಸವೆದ ವಿಷಯವನ್ನು ನಮಗೆ ಕೇಳುವಷ್ಟು ಜೋರಾಗಿ ಮಾತಾಡತೊಡಗಿದರು. ನಾನು ಕೊಡಪಾನ ಹಿಡಿದು ಬಸ್ಸು ಹತ್ತಿದ್ದು ಹೀಗೆ.

ಹೋದದ್ದು ಗೆಳೆಯ ಸೀನ ಶೆಟ್ಟರ ಮನೆಗೆ. ಗದ್ದೆಯ ಕೆಳಗೇ ಹೊಳೆ. ಬೇಸಗೆಯಲ್ಲಿ ಹರಿವು ನಿಂತರೂ ಬಂಡೆಗಳ ನಡುವೆ ಆಳದ ಗುಂಡಿಗಳಲ್ಲಿ ನೀರು ಉಳಿಯುತ್ತದೆ. ಹಿಂದೆ ಅಲ್ಲಿ ಕಾಲು ಇಳಿಬಿಟ್ಟರೆ ಸಾಕು, ಬಾವಿಮೀನುಗಳು ಬಂದು ಹಿಮ್ಮಡಿಗೆ ಕಚಗುಳಿ ಇಡುತ್ತಿದ್ದವು.

ಬಂದ ಕೆಲಸ ಹೇಳಿದೆ. ಸೀನಣ್ಣ ತಲೆ ಕೆರೆದುಕೊಂಡರು.

"ಹೊಳಿಯಂಗೆ ಈಗ ಎಂತ ಇತ್ತ್ ಮರ್ರೆ? ನೀರ್ ಇತ್ತ್."

ನಾನು ನಂಬಲಿಲ್ಲ. ಗುಂಡಿಯ ದಡದಲ್ಲಿ ಕೂತು ಒಂದು ಹಿಡಿ ಅವಲಕ್ಕಿ ಎಸೆದೆ. ಅವಲಕ್ಕಿ ತೇಲಿತು. ತೇಲುತ್ತಲೇ ಇತ್ತು. ಕೊನೆಗೆ ನೆನೆದು ಉಬ್ಬಿ ತಳಕ್ಕೆ ಹೋಗಿ ಕೂತಿತು. ಕೆಳಗಿನ ಗುಂಡಿಗೆ ಹೋದೆ, ಅಲ್ಲಿಯೂ ಅದೇ ಕಥೆ. ನೀರು ಮಾತ್ರ ಗಾಜಿನ ಹಾಗೆ ತಿಳಿಯಾಗಿತ್ತು.

ಇಲ್ಲಿ ನಾನೊಂದು ಹಳೆಯ ವಿಷಯ ಹೇಳಲೇಬೇಕು. ಕೆಲವರಿಗೆ ಆಗಲೇ ನೆನಪಾಗಿರಬಹುದು. ಎರಡು ಬೇಸಗೆಯ ಹಿಂದೆ ಇದೇ ಗುಂಡಿಗೆ ನಾನು ಮುಖ್ಯ ಅತಿಥಿಯಾಗಿ ಬಂದಿದ್ದೆ. ಗದ್ದೆಯ ಹುಳಕ್ಕೆಂದು ತಂದ ಎಂಡ್ರಿನ್ ಮದ್ದಿನ ಬಾಟ್ಲಿಯನ್ನು ಸೀನಣ್ಣ ಮೇಲ್ಗಡೆ ನಿಂತು ನೀರಿಗೆ ಬಗ್ಗಿಸಿದರು. ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ಬಂದವು. ಊರಿಗೆ ಊರೇ ನೀರಿಗೆ ಇಳಿಯಿತು. ದೊಡ್ಡವು ಬುಟ್ಟಿಗೆ ಹೋದವು. ಸಣ್ಣವನ್ನು ಯಾರು ಹೆಕ್ಕುತ್ತಾರೆ? ಬಾವಿಮೀನುಗಳು ದಡದ ಉದ್ದಕ್ಕೂ ಬೆಳ್ಳಗೆ ಬಿದ್ದಿದ್ದವು. ಕಾಗೆಗಳು ತಿಂದವು. ತಿಂದ ಕಾಗೆಗಳ ಗತಿ ಏನಾಯಿತೆಂದು ನಾನು ವಿಚಾರಿಸಲಿಲ್ಲ.

ವಿಚಾರಿಸದೆ ಏನು ಮಾಡಿದೆ? ಅಂಕಣ ಬರೆದೆ! ಇದೇ ಪತ್ರಿಕೆಯಲ್ಲಿ, ಇದೇ ಜಾಗದಲ್ಲಿ. ‘ಅರ್ಧ ಗಂಟೆಗೆ ಐದು ಬುಟ್ಟಿ’ ಅಂತ ಹೆಡ್ಡಿಂಗ್. ಗಾಳ ಹಾಕಿ ಜಪಕ್ಕೆ ಕೂರುವ ಕಾಲ ಹೋಯಿತು, ಇನ್ನು ಸೈನ್ಸಿನ ಕಾಲ ಎಂದು ಬರೆದೆ. (ಆ ಮೀನಿನ ಊಟದ ಮೇಲೆ ನನಗೆ ಹೊಟ್ಟೆ ತೊಳಸಿ ಎರಡು ದಿನ ಗಂಜಿ ಕುಡಿದದ್ದನ್ನು ಬರೆಯಲಿಲ್ಲ. ಅಂಕಣದಲ್ಲಿ ಜಾಗ ಸಾಲಲಿಲ್ಲ ಅನ್ನಿ.) ಓದುಗರ ಕಾಗದಗಳು ಬಂದವು. ಎಲ್ಲರದೂ ಒಂದೇ ಪ್ರಶ್ನೆ: ಆ ಬಾಟ್ಲಿ ಎಲ್ಲಿ ಸಿಗುತ್ತದೆ? ನಾನು ತಪ್ಪದೆ ಉತ್ತರ ಬರೆದೆ. ಓದುಗರೇ ದೇವರಲ್ಲವೇ?

ಬರಿಗೈಯಲ್ಲಿ ಸೀನಣ್ಣನ ಮನೆಗೆ ವಾಪಸು ಬಂದರೆ, ಜಗಲಿಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ಗಾಜು ಹಾಕಿ, ಕಟ್ಟು ಹಾಕಿಸಿ ತೂಗಿಸಿದ್ದು ಯಾವುದು? ನನ್ನ ಆ ಅಂಕಣ! ಸೀನಣ್ಣನ ಹೆಸರು ಅಚ್ಚಾಗಿತ್ತಲ್ಲ.

ಅದರ ಕೆಳಗೆ ಅವರ ತಾಯಿ ಅಕ್ಕಮ್ಮ ಶೆಡ್ತಿ ಕೂತಿದ್ದರು. ಓದಲು ಬಾರದು. ಆದರೆ ಮಗ ಬಂದವರಿಗೆಲ್ಲ ಓದಿ ಹೇಳಿ ಹೇಳಿ ಅವರಿಗೆ ಅದು ಬಾಯಿಪಾಠವಾಗಿದೆ.

"ಪೇಪರ್ನವ್ರೆ, ನಮ್ ಬಾವಿ ಕಾಣಿ" ಅಂದರು.

ಬಗ್ಗಿ ನೋಡಿದೆ. ಅವರು ನಾಲ್ಕು ಕಾಳು ಅನ್ನ ಹಾಕಿದರು. ಕಪ್ಪು ಪಟ್ಟೆಯ ಮೀನುಗಳು ಮೇಲೆ ಬಂದವು. ಒಂದು, ಎರಡು, ಮೂರು. ಇನ್ನಷ್ಟು ಬರುತ್ತವೆಂದು ಕಾದೆ. ಬರಲಿಲ್ಲ.

"ಅಮ್ಮಾ, ಎರಡು ಕೊಟ್ಟರೆ ಸಾಕು" ಅಂದೆ.

"ಮೂರಂಗೆ ಎರಡ್ ನಿಮ್ಗ್ ಕೊಟ್ರೆ ಉಳುದ್ ಎಷ್ಟ್? ಪೇಪರ್ನವ್ರಿಗೆ ಲೆಕ್ಕ ಬತ್ತಿಲ್ಯಾ?"

"ಹೊಳೆಯಲ್ಲಿ ಮೇಲ್ಗಡೆ ಎಲ್ಲಾದರೂ..."

"ಮೇಲಿನ್ ನಾಕ್ ಗುಂಡಿ ನಾನೇ ಹೋಯಿ ಕಂಡ್ ಬಂದೆ. ಒಂದೂ ಇಲ್ಲೆ. ನಿಮ್ ಪೇಪರ್ ಕಂಡ್ ಅಲ್ಲೂ ಮದ್ದ್ ಹಾಕಿರ್." ಜಗಲಿಯ ಗೋಡೆಯತ್ತ ಕೈ ತೋರಿಸಿದರು. "ಅಲ್ಲಿ ಐದ್ ಬುಟ್ಟಿ ಮೀನ್ ಇತ್ತಲೆ? ಅದನ್ನೇ ತಕಂಡ್ ಹೋಯಿ ನಿಮ್ ಬಾವಿಗ್ ಬಿಡಿ."

"ಅಬ್ಬೀ, ದೊಡ್ಡವ್ರಿಗೆ ಹಾಂಗೆಲ್ಲ ಹೇಳುಕಾಗ" ಎಂದು ಸೀನಣ್ಣ ತಾಯಿಯನ್ನು ಗದರಿದರು.

"ನೀ ಸುಮ್ನಿರ್. ಬಾಟ್ಲಿ ಹಿಡ್ದವ ನೀನ್, ಅದನ್ನ ಹೊಗಳ್ದವ್ರ್ ಅವ್ರ್."

ನಾನು ನಗಲು ನೋಡಿದೆ, ಆಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಹೊಳೆಯ ಉದ್ದಕ್ಕೂ ಇದ್ದ ಮೀನಿನ ಸಂಸಾರ ಒಂದು ಬಾವಿಗೆ ಇಳಿದಿದೆ. ಆ ಮೂರೂ ಗಂಡೇ ಆಗಿದ್ದರೆ? ಆದರೆ ಅದನ್ನು ಕೇಳುವ ಮುಖ ನನಗೆಲ್ಲಿತ್ತು?

ಅಕ್ಕಮ್ಮ ಶೆಡ್ತಿ ಕರಾರು ಹೇಳಿದರು. "ಅದೇ ಪೇಪರಂಗೆ, ಅಷ್ಟೇ ದೊಡ್ಡಕ್ಕೆ ಬರೀರಿ. ಗುಂಡಿ ಹಾಳ್ ಮಾಡದ್ದ್ ನಾವೇ ಅಂದೇಳಿ ಬರೀರಿ. ನಮ್ ಸೀನನ್ ಹೆಸ್ರೂ ಹಾಕಿ. ಬಪ್ಪು ಬೇಸ್ಗಿ ತನ್ಕ ಯಾರೂ ಮದ್ದ್ ಹಾಕದಿದ್ರೆ, ಈ ಮೂರನ್ನೂ ನಾನೇ ಗುಂಡಿಗ್ ಬಿಡ್ತೆ. ಮರಿ ಆದ್ಮೇಲೆ ಕೊಡಪಾನ ತಕಂಡ್ ಬನ್ನಿ."

ವಾಪಸು ಬರುವಾಗಲೂ ಅದೇ ಬಸ್ಸು, ಅದೇ ಕಂಡಕ್ಟರ್.

"ಸಿಕ್ತಾ ಮೀನ್?"

"ಮುಂದಿನ ವರ್ಷ ಬರಲು ಹೇಳಿದ್ದಾರೆ" ಅಂದೆ. ಬಸ್ಸು ಮತ್ತೊಮ್ಮೆ ನಕ್ಕಿತು.

ಹೆಂಡತಿ ನಗಲಿಲ್ಲ. ಕಥೆಯನ್ನೆಲ್ಲ ಕೇಳಿ, ಕೊಡಪಾನವನ್ನು ನನ್ನ ಕೈಗೇ ವಾಪಸು ಕೊಟ್ಟಳು. "ಪೇಪರಂಗೆ ಬರದ್ದ್ ನೀವ್. ಹಾಂಗಾರೆ ನೀರ್ ಹೊರುದೂ ನೀವೇ."

ಆದ್ದರಿಂದ ಈ ವಾರದ ಅಂಕಣ ಬರೆಯುತ್ತಿರುವವನು, ದಿನಾ ಬೆಳಿಗ್ಗೆ ಪಕ್ಕದ ಮನೆಯಿಂದ ಹನ್ನೆರಡು ಕೊಡಪಾನ ನೀರು ಹೊತ್ತು ಹೆಗಲು ಬಾತುಕೊಂಡವನು. ಬಾಟ್ಲಿ ಎಲ್ಲಿ ಸಿಗುತ್ತದೆಂದು ಅಂದು ಕೇಳಿದ ಓದುಗರೇ, ನಿಮ್ಮ ಊರಿನ ಗುಂಡಿಗೆ ಒಂದು ಹಿಡಿ ಅವಲಕ್ಕಿ ಹಾಕಿ ನೋಡಿ. ಏನಾಯಿತೆಂದು ಕಾಗದ ಬರೆಯಿರಿ. ಈ ಸಲವೂ ಉತ್ತರ ಕೊಡುತ್ತೇನೆ.

ಸೀನಣ್ಣ, ಪೇಪರು ಕೈಗೆ ಬಂದ ಕೂಡಲೇ ಇದನ್ನು ನಿಮ್ಮ ಅಬ್ಬಿಗೆ ಓದಿ ಹೇಳಿ, ನಿಮ್ಮ ಹೆಸರು ಬಂದಲ್ಲಿ ಹಾರಿಸಬೇಡಿ. ಓದಿಯಾದ ಮೇಲೆ ಹೇಳಿ, ಆ ಗೋಡೆಯಲ್ಲಿ ಇನ್ನೊಂದು ಮೊಳೆಗೆ ಜಾಗ ಇದೆಯಾ?