ಎದೆಯೇ ದಮ್ಮಡಿ
ಜೆರುಸಲೇಮಿನ ಹಳೆಯ ಕೇರಿಯಲ್ಲಿ ಚಪ್ಪಲಿ ಹೊಲಿಯುವ ಝುಂಡೆಲ್ ಅಜ್ಜನ ಕೈಗೆ ಹರಿದ ಬೂಟು ಕೊಟ್ಟವರು, ಧರ್ಮಗುರು ರಬ್ಬಿಯೇ ಆಗಲಿ, ವಾದ್ಯ ನುಡಿಸಿ ದೇವರನ್ನು ಹೊಗಳಿ ಎನ್ನುವ ದಾವೀದನ ಕೊನೆಯ ಕೀರ್ತನೆಯ ಪಾಠ ಕೇಳದೆ ಹೊರಬಿದ್ದದ್ದಿಲ್ಲ. "ತುತೂರಿ, ದಮ್ಮಡಿ ಅಂತ ಬರ್ದಿರೋದು ಅಂಗಡೀಲಿ ಸಿಗೋದಲ್ಲಪ್ಪಾ, ಎಲ್ಲಾ ನಿನ್ನೊಳಗೇ ಇದೆ. ಗಂಟಲೇ ತುತೂರಿ, ಎದೇನೇ ದಮ್ಮಡಿ!" ಎಂದು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ, ಎದೆ ಬಡಿದು ತೋರಿಸುತ್ತಾನೆ. "ಮೊದ್ಲು ಅಟ್ಟೆ ಬಡೀರಿ, ಎದೆ ಆಮೇಲೆ ಬಡ್ಕೊಳ್ಳೋರಂತೆ," ಎಂದು ಹೆಂಡತಿ ಫ್ರುಮಾ ಒಳಗಿನಿಂದಲೇ ಕುಟುಕುತ್ತಿದ್ದಳು. ಈ ಚಳಿಗಾಲದಿಂದ ಅವಳು ಮಾತು ನಿಂತು ಮಲಗಿಬಿಟ್ಟಿದ್ದಾಳೆ. ಅಜ್ಜ ಈಗ ಮಧ್ಯಾಹ್ನ ಅಂಗಡಿ ಮುಚ್ಚಿ, ಅವಳ ಪಕ್ಕದಲ್ಲಿ ಕೂತು ಅದೇ ಕೀರ್ತನೆ ಓದುತ್ತಾನೆ. ಉಸಿರಿರುವುದೆಲ್ಲ ದೇವರನ್ನು ಹೊಗಳಲಿ ಎನ್ನುವ ಕೊನೆಯ ಸಾಲು ಬಂದಾಗ ಮಾತ್ರ ಬಾಯಿ ಮುಚ್ಚಿ, ಬಾಗಿ, ಅವಳ ಮುಂದಿನ ಉಸಿರಿಗೆ ಕಾಯುತ್ತಾನೆ. ನೋಡಲು ಬಂದವರು ಆ ಸಾಲನ್ನು ಎತ್ತಿಕೊಡಹೋದರೆ ಕೈ ಅಡ್ಡ ಹಿಡಿಯುತ್ತಾನೆ: "ಸುಮ್ನಿರಿ, ಅದನ್ನ ಅವಳು ಹೇಳ್ತಾಳೆ."