ಏಳು ಮನೆಯ ಬೀಜದವರೆ

ದೊಡ್ಡಗಾಜನೂರಿನ ಶಿವಮಲ್ಲಮ್ಮನ ಮನೆಯ ಮುಂದೆ ಯಾವ ಹೆಂಗಸೂ ಸುಮ್ಮನೆ ಹಾದುಹೋಗುವಂತಿರಲಿಲ್ಲ. ಸಂತೆಯಿಂದ ಹೊಸ ಮಡಕೆ ಹೊತ್ತು ಬರುತ್ತಿದ್ದವಳನ್ನು ಜಗಲಿಯಿಂದಲೇ ನಿಲ್ಲಿಸಿ, "ಇವತ್ತೇ ಅದ್ರಲ್ಲಿ ಸಾರು ಕಾಯಿಸ್ಬುಡಬ್ಯಾಡ ಕಣಮ್ಮಿ. ಮೂರು ದಿನ ಅಕ್ಕಿ ತೊಳ್ದ ನೀರು ಉಯ್ದು ಕಾಯ್ಸು. ಆಮೇಲ ಸಾರು" ಎನ್ನುವಳು. ಅವಳು ಮಡಕೆ ತಂದಿದ್ದು ನೀರು ತುಂಬಿಡುವುದಕ್ಕೆ ಎಂದು ಬಾಯಿಬಿಡುವ ಹೊತ್ತಿಗೆ, ನೀರಿನ ಮಡಕೆಯನ್ನು ಯಾವ ಮೂಲೆಯಲ್ಲಿ ಇಡಬೇಕು ಎಂಬುದೂ ಮುಗಿದಿರುತ್ತಿತ್ತು. ಕೇಳಿದವರಿಗೆ ಹೇಳುವುದು ಲೋಕದ ರೂಢಿ, ಕೇಳದವರಿಗೆ ಹೇಳುವುದು ಶಿವಮಲ್ಲಮ್ಮನ ರೂಢಿ.

ಹಾಲು ಉಕ್ಕದಿರಲು ಪಾತ್ರೆಯ ಬಾಯಿಗೆ ಒಂದು ಬೆರಳು ತುಪ್ಪ ಸವರಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ರಾಗಿಹಿಟ್ಟಿನ ಉಂಡೆ ಹಾಕಿ ಕುದಿಸಿ ತೆಗೆಯಬೇಕು. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಮಾತ್ರವಲ್ಲ, ಕತ್ತಿಗೂ ಎಣ್ಣೆ ಹಚ್ಚಬೇಕು. ಹೇಳಿದ್ದರಲ್ಲಿ ಮುಕ್ಕಾಲುಪಾಲು ಸರಿಯಾಗಿಯೇ ಇರುತ್ತಿತ್ತು ಎಂಬುದೇ ಊರಿನವರ ಸಂಕಟ. ತಪ್ಪಾಗಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು.

ತಪ್ಪಿದ್ದೂ ಉಂಟು. ಸತ್ಯಮಂಗಲಕ್ಕೆ ಹೋಗುವವರಿಗೆಲ್ಲ ಅವಳು ದಿಂಬಂ ಘಾಟಿಯ ತಿರುವುಗಳಿಗೆ ಮದ್ದು ಹೇಳುತ್ತಿದ್ದಳು: ದವಡೆಯಲ್ಲಿ ಒಂದು ಉಂಡೆ ಹುಣಿಸೆಹಣ್ಣು ಒತ್ತಿಕೊಂಡರೆ ವಾಂತಿಯ ಮಾತೇ ಇಲ್ಲ. ತಾನು ಜನ್ಮದಲ್ಲಿ ಒಂದೇ ಒಂದು ಸಲ ಆ ಘಾಟಿ ಇಳಿದಾಗ ಎರಡನೆಯ ತಿರುವಿನಲ್ಲೇ ಕಿಟಕಿಯ ಹೊರಗೆ ತಲೆ ಹಾಕಿದವಳು ಬೆಟ್ಟದ ಬುಡ ಮುಟ್ಟಿದ ಮೇಲೇ ಒಳಗೆ ಎಳೆದುಕೊಂಡಳು. ಪಕ್ಕದಲ್ಲಿದ್ದ ಗಂಡ ರುದ್ರಸ್ವಾಮಿ ಅವಳ ಸೆರಗಿನಲ್ಲೇ ಅವಳ ಮುಖ ಒರೆಸುತ್ತಾ, "ಹುಣಸೆಹಣ್ಣು ಎಲ್ಲೋಯ್ತಮ್ಮಿ?" ಎಂದು ಮೆಲ್ಲಗೆ ಕೇಳಿದರು. "ಅದು ಹೊಸಾ ಹಣ್ಣು. ಹಳೇದಾಗಿರ್ಬೇಕಿತ್ತು" ಎಂದಳು ಶಿವಮಲ್ಲಮ್ಮ. ಅಂದಿನಿಂದ ಆ ಸಲಹೆಗೆ 'ಹಳೇ' ಎಂಬುದೊಂದು ಸೇರಿತೇ ಹೊರತು ಸಲಹೆ ನಿಲ್ಲಲಿಲ್ಲ. "ಇವಳು ಕೈಲಾಸಕ್ಕೋದ್ರೂ ಪಾರ್ವತವ್ವನ್ಗ ಗಂಗಾಳ ಬೆಳಗೋದು ಏಳ್ಕೊಡ್ತಳ" ಎಂದು ರುದ್ರಸ್ವಾಮಿ ನೆಂಟರೆದುರು ಆಡಿಕೊಳ್ಳುವರು. ಆದರೆ ಎಲೆಅಡಿಕೆಯ ಸುಣ್ಣ ಗಟ್ಟಿಯಾದಾಗ ಅವರು ಕೂಗುತ್ತಿದ್ದುದೂ ಅವಳನ್ನೇ.

ಇಷ್ಟೆಲ್ಲ ಮಾತಿನ ಹಿಂದೆ ಒಂದು ನಿಜವಾದ ಗಟ್ಟಿತನವಿತ್ತು. ಅದು ಅವರೆ ಬೀಜ. ಮಾಗಿಯಲ್ಲಿ ಅವರೆ ಬಡಿದಾದ ಮೇಲೆ ಆ ಬೀದಿಯ ಏಳು ಮನೆಯವರು ಮುಂದಿನ ಬಿತ್ತನೆಯ ಬೀಜವನ್ನು ಶಿವಮಲ್ಲಮ್ಮನ ಕೈಗೆ ತಂದು ಕೊಡುತ್ತಿದ್ದರು. ಅವಳು ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಬೀಜಕ್ಕೆಲ್ಲ ಲೇಪವಾಗುವಂತೆ ಉಜ್ಜಿ, ನಾಲ್ಕು ದಿನ ಒಣಗಿಸಿ, ಸಂಜೆಯ ತಂಪಿನಲ್ಲಿ ಕಾವು ಇಳಿಸಿ, ಮಡಕೆಗಳಿಗೆ ತುಂಬಿ, ಮೇಲೆ ಬೂದಿ ಹರವಿ ಇಡುವಳು. ಬೇರೆ ಮನೆಯಲ್ಲಿ ಇಟ್ಟ ಕಾಳಿಗೆ ಹುಳು ತೂತು ಕೊರೆಯುತ್ತಿತ್ತು, ಇವಳು ಇಟ್ಟಿದ್ದಕ್ಕೆ ಇಲ್ಲ. ಮುಂಗಾರಿನ ಹದವಾದಾಗ ಏಳು ಮನೆಯ ಹೆಂಗಸರೂ ಮೊರ ಹಿಡಿದು ಬಂದು ತಂತಮ್ಮ ಪಾಲು ಒಯ್ಯುವರು. ರಾಗಿಯ ಸಾಲಿನ ನಡುವೆ ಅದು ಬಿದ್ದರೇ ಆ ವರ್ಷ ಮನೆಗೆ ಅವರೆಕಾಳು.

ಎಷ್ಟು ಹೇಳಿದರೂ ಬೀಜ ತಂದುಕೊಡದವಳು ಚೌಡಮ್ಮ ಒಬ್ಬಳೇ. ಅವಳು ಇವರ ಹೊಲದಲ್ಲೇ ಕೂಲಿಗೆ ಬರುವವಳು, ಊರಾಚೆಯ ಕೇರಿಯವಳು. ಅವಳಿಗೂ ಅರ್ಧ ಎಕರೆ ಇತ್ತು. "ನಮ್ದೇನ್ ಮಹಾ ಅಮ್ಮಾರೆ, ಒಲೆ ಮ್ಯಾಗ ನೇತಾಕ್ಕತೀವಿ" ಎಂದು ಅವಳು ನಕ್ಕರೆ, ಶಿವಮಲ್ಲಮ್ಮ ಜಗಲಿಯ ಮೇಲಿನಿಂದ, "ನೇತಾಕುದ್ರ ಉಳ ಬೀಳಲ್ವ ಚೌಡಿ? ಎಷ್ಟು ಏಳುದ್ರೂ ಅಷ್ಟೇ ನಿಂಗ" ಎಂದು ಗದರುವಳು. ಅಂಗಳದಲ್ಲಿ ನಿಂತ ಚೌಡಮ್ಮ ತಲೆಯಾಡಿಸುವಳು. ಇದು ಇಪ್ಪತ್ತು ವರ್ಷ ನಡೆಯಿತು. ಇಪ್ಪತ್ತು ವರ್ಷವೂ ಚೌಡಮ್ಮನ ಅರ್ಧ ಎಕರೆಯಲ್ಲಿ ಅವರೆ ಹಬ್ಬಿಕೊಂಡು ಬೆಳೆದಿದ್ದನ್ನು ಶಿವಮಲ್ಲಮ್ಮ ನೋಡಿರಲಿಲ್ಲವೆಂದಲ್ಲ. ನೋಡಿದ್ದಳು, ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಎಪ್ಪತ್ತೆಂಟನೆಯ ಇಸವಿಯಲ್ಲಿ ಮಗ ಪುಟ್ಟಸ್ವಾಮಿ ಚಾಮರಾಜನಗರದಿಂದ ಒಂದು ರೇಡಿಯೊ ತಂದ. ತಂದವನು ಮಗನೇ ಆದರೂ ತಪ್ಪು ಸೊಸೆ ಪುಟ್ಟಬಸಮ್ಮನ ತಲೆಗೆ ಬಂತು, ಏಕೆಂದರೆ ಅದರ ಕಿವಿ ತಿರುಗಿಸುತ್ತಿದ್ದವಳು ಅವಳು. ಪುಟ್ಟಬಸಮ್ಮ ನಾಲ್ಕು ವರ್ಷದಲ್ಲಿ ಅತ್ತೆಗೆ "ಊಂ ಅತ್ತೆ" ಎಂಬುದರ ಹೊರತು ಹೆಚ್ಚೇನೂ ಹೇಳಿದವಳಲ್ಲ. ಮಧ್ಯಾಹ್ನ ಊಟವಾದ ಮೇಲೆ ರೇಡಿಯೊದಲ್ಲಿ ಒಬ್ಬ ಹೆಂಗಸು ಮನೆವಾರ್ತೆಯ ಉಪಾಯಗಳನ್ನು ಹೇಳುತ್ತಿದ್ದಳು. ನಿಂಬೆಹಣ್ಣು ಬಾಡದಂತೆ ಇಡುವುದು, ಬಟ್ಟೆಯ ಕರೆ ತೆಗೆಯುವುದು, ಇಂಥವೇ. ಒಂದು ತಿಂಗಳಲ್ಲಿ ಬೀದಿಯ ಹೆಂಗಸರೆಲ್ಲ ಆ ಹೊತ್ತಿಗೆ ಶಿವಮಲ್ಲಮ್ಮನ ಜಗಲಿಯ ಮೇಲೆ ಸೇರತೊಡಗಿದರು. ಅವಳದೇ ಜಗಲಿ, ಆದರೆ ಮಾತು ಮಾತ್ರ ಇನ್ನೊಬ್ಬಳದು.

ಶಿವಮಲ್ಲಮ್ಮ ಮೊದಮೊದಲು ರೇಡಿಯೊಗೆ ಎದುರು ಹೇಳಿ ನೋಡಿದಳು. "ನಿಂಬೆಹಣ್ಣ ಮರಳಲ್ಲಿ ಊತಿಡ್ಬೇಕು ಕಣವ್ವ, ನಿಂಗೇನ್ ಗೊತ್ತು" ಎಂದಳು. ಆ ಹೆಂಗಸು ತನ್ನ ಪಾಡಿಗೆ ಮುಂದುವರಿದಳು. ಎದುರುಮನೆಯ ಚನ್ನಮಲ್ಲಮ್ಮ, "ವಸಿ ಸುಮ್ಕಿರಕ್ಕ, ಏನೂ ಕೇಳುಸ್ತಿಲ್ಲ" ಎಂದಳು. ಶಿವಮಲ್ಲಮ್ಮನಿಗೆ ಯಾರೂ ಎಂದೂ ಆ ಮಾತು ಹೇಳಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮಾರನೆಯ ದಿನದಿಂದ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಅವಳಿಗೆ ಬೇಕಾದಷ್ಟು ಕೆಲಸ ಹುಟ್ಟಿಕೊಂಡಿತು. ಗೋಡೆಯ ಪಕ್ಕದಲ್ಲೇ ಕೂತು ಮಾಡುವ ಕೆಲಸ, ಕಿವಿ ಗೋಡೆಗೆ ಹತ್ತಿರವಿರುವಂಥದು.

ಹಾಗೆ ಕೂತಿದ್ದಾಗಲೇ ಒಂದು ದಿನ ಬೀಜದ ಮಾತು ಬಂತು. ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಕ್ಕೆ ತುಂಬಿ, ಮುಚ್ಚಳದ ಅಂಚಿಗೆ ಮೇಣ ಬಳಿದಿಟ್ಟರೆ ವರ್ಷವಾದರೂ ಹುಳು ಬೀಳುವುದಿಲ್ಲವಂತೆ. ಮಣ್ಣಿಲ್ಲ, ಬೂದಿಯಿಲ್ಲ, ನಾಲ್ಕು ದಿನ ಸೊಂಟ ಬಗ್ಗಿಸುವುದಿಲ್ಲ. ಶಿವಮಲ್ಲಮ್ಮನ ಕೈ ನಿಂತಿತು. ಅಷ್ಟರಲ್ಲಿ ಪುಟ್ಟಬಸಮ್ಮ ನೀರಿಗೆಂದು ಒಳಗೆ ಬಂದಳು. ಕೇಳುತ್ತಿಲ್ಲವೆಂದು ತೋರಿಸುವುದಕ್ಕೆ ಶಿವಮಲ್ಲಮ್ಮ ತಾಮ್ರದ ಹಂಡೆಯನ್ನು ಊರೆಲ್ಲ ಕೇಳುವಂತೆ ಉಜ್ಜತೊಡಗಿದಳು. ಉಳಿದರ್ಧ ಉಪಾಯ ಆ ಸದ್ದಿನಲ್ಲಿ ಮುಳುಗಿತು.

ಆ ಮಾಗಿಯಲ್ಲಿ ಬೀಜ ಬಂದಾಗ ಅವಳು ಹೆಂಗಸರಿಗೆ, "ಈ ವರ್ಸ ಬ್ಯಾರೆ ಇಧಾನ ಮಾಡ್ತೀನಿ. ನಂದೇ ಉಪಾಯ. ಯಾರೂ ಏಳ್ಕೊಟ್ಟದ್ದಲ್ಲ" ಎಂದಳು. ಹೇಳಿಕೊಟ್ಟವರು ಯಾರೆಂದು ಯಾರೂ ಕೇಳಿರಲಿಲ್ಲ. ಮನೆಯವರೆಲ್ಲ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ದೊಡ್ಡದೊಂದು ಎಣ್ಣೆ ಡಬ್ಬ ತೊಳೆದು ಒರೆಸಿ, ಅಂಗಳದಲ್ಲಿ ಸುಡುತ್ತಿದ್ದ ಕಾಳನ್ನು ಬಾಚಿ ಬಾಚಿ ತುಂಬಿದಳು. ಬಿಸಿಲ ಕಾವು ಇಳಿಯದೆ ಕಾಳು ತುಂಬಿದರೆ ಅದು ಒಳಗೇ ಬೆವರುತ್ತದೆ ಎಂದು ಎರಡು ತಲೆಮಾರಿಗೆ ಬುದ್ಧಿ ಹೇಳಿದವಳು ಅವಳೇ. ಆದರೆ ಕಾವು ಇಳಿಯಲು ಸಂಜೆಯಾಗಬೇಕು, ಸಂಜೆಯಾದರೆ ಸೊಸೆ ಬರುತ್ತಾಳೆ, ಬಂದರೆ ಮೇಣ ನೋಡುತ್ತಾಳೆ, ನೋಡಿದರೆ ಉಪಾಯ ಯಾರದೆಂದು ತಿಳಿಯುತ್ತದೆ. ಕೈಗೆ ಚುರುಕ್ಕೆನ್ನುವ ಕಾಳಿನ ಮೇಲೆ ಮುಚ್ಚಳ ಬಡಿದು, ಮೇಣ ಬಳಿದು, ಮೇಲೆ ಗೋಣಿಚೀಲ ಹೊದಿಸಿ ಕೋಣೆಯ ಮೂಲೆಗೆ ತಳ್ಳಿದಳು.

ಮುಂಗಾರು ಬಂತು. ಎರಡು ಒಳ್ಳೆಯ ಮಳೆ ಬಿದ್ದು ಭೂಮಿ ಹದವಾಯಿತು. ನಾಳೆ ಬಿತ್ತನೆ ಎನ್ನುವ ದಿನ ಶಿವಮಲ್ಲಮ್ಮ ಮೇಣ ಕೆರೆದು ಮುಚ್ಚಳ ಎತ್ತಿದಳು. ಹುಳಿತ ಅಂಬಲಿಯ ವಾಸನೆ ಮೂಗಿಗೆ ಹೊಡೆಯಿತು. ಕಾಳೆಲ್ಲ ಬೂಷ್ಟು ಹಿಡಿದು ಹೆಂಟೆಹೆಂಟೆಯಾಗಿ ಅಂಟಿಕೊಂಡಿದ್ದವು. ಕೈಹಾಕಿ ತಳದವರೆಗೂ ಕೆದಕಿದಳು. ಒಂದು ಹಿಡಿಯೂ ಒಳ್ಳೆಯದಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಬಾಗಿಲಲ್ಲಿ ಪುಟ್ಟಬಸಮ್ಮ ನಿಂತಿದ್ದಳು. ಡಬ್ಬ ನೋಡಿದಳು, ಮೇಣ ನೋಡಿದಳು, ಎಲ್ಲ ತಿಳಿಯಿತು. ಬಾಯಲ್ಲಿ ಮಾತ್ರ ರೇಡಿಯೊದ ಹೆಸರು ಬರಲಿಲ್ಲ.

"ಇಲಿ ತಿಂದ್ಬುಡ್ತು ಅಂದ್ಬುಡಿ ಅತ್ತೆ" ಎಂದಳು ಮೆಲ್ಲಗೆ.

ಆ ಮನೆಗೆ ಬಂದ ಮೇಲೆ ಸೊಸೆ ಕೊಟ್ಟ ಮೊದಲನೆಯ ಸಲಹೆ ಅದು. ಶಿವಮಲ್ಲಮ್ಮ ಅದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. ಆಸೆಯಾಗಲಿಲ್ಲವೆಂದರೆ ಸುಳ್ಳು.

"ಯಾವ ಇಲಿ ಕುಸಾ? ಮುಚ್ಳ ತಗ್ದು, ತಿಂದು, ಮತ್ತ ಮೇಣ ಬಳ್ದು ಮುಚ್ಚೋಯ್ತು ಅನ್ಲಾ?" ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಿದ್ದ ಹಾಗೇ ಶಿವಮಲ್ಲಮ್ಮನ ಕಣ್ಣಿನಲ್ಲಿ ನೀರು ಇಳಿಯಿತು. ಪುಟ್ಟಬಸಮ್ಮ ಪಕ್ಕದಲ್ಲಿ ಕೂತು ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು.

ಬೆಳಗಾಗುತ್ತಲೇ ಹೆಂಗಸರು ಮೊರ ಹಿಡಿದು ಬಂದರು. ಬಿತ್ತನೆಯ ಕೂಲಿಗೆ ಬಂದಿದ್ದ ಚೌಡಮ್ಮನೂ ಅಂಗಳದ ಅಂಚಿನಲ್ಲಿ ನಿಂತಿದ್ದಳು. ಶಿವಮಲ್ಲಮ್ಮ ಡಬ್ಬವನ್ನು ಎಳೆದು ತಂದು ಜಗಲಿಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಬೋರಲು ಹಾಕಿದಳು.

"ನಿಮ್ಮೇಳು ಮನೆ ಬೀಜಾನೂ ನಾನೇ ಕೊಳೆಸಿವ್ನಿ. ರೇಡಿಯಾದವಳು ಏಳ್ದಂಗ ಮಾಡಕ್ಕೋದಿ. ಅವಳದೇನೂ ತಪ್ಪಿಲ್ಲ. ಕದ್ದು ಕೇಳ್ದಿ, ಅರ್ಧ ಕೇಳ್ದಿ, ಬಿಸೀಲೆ ತುಂಬ್ದಿ. ನನ್ನುಪಾಯ ಅಂದದ್ದೂ ಸುಳ್ಳು" ಎಂದಳು. ಒಂದೂ ಮಾತನ್ನು ನುಂಗಲಿಲ್ಲ.

ಚನ್ನಮಲ್ಲಮ್ಮ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಊರ್ಗೆಲ್ಲ ಬುದ್ಧಿ ಏಳ್ತಿದ್ದೆಲ್ಲಕ್ಕ ನೀನು! ಹದ ಇನ್ನೆರಡು ದಿನ ನಿಂತದ ಅಷ್ಟೇಯ. ಈಗ ನಾವೇನ್ ಬಿತ್ತವು?" ಎಂದು ರೇಗಿದಳು. ರೇಗಿದ್ದರಲ್ಲಿ ನ್ಯಾಯವಿತ್ತು. ಶಿವಮಲ್ಲಮ್ಮ ಜಗಲಿಯ ಮೇಲೆ ಹರಡಿದ್ದ ಕೊಳೆತ ಕಾಳನ್ನು ಕೈಯಿಂದ ಒತ್ತಟ್ಟಿಗೆ ಬಳಿಯತೊಡಗಿದಳು.

"ನಮ್ಮನೇಲಿ ಅವೆ ಅಮ್ಮಾರೆ" ಎಂದಳು ಅಂಗಳದಿಂದ ಚೌಡಮ್ಮ. "ನಮ್ ಕೇರೀವೆಲ್ಲ ನಮ್ಮನೇಲೇ ಕಟ್ಟಿವ್ನಿ. ಮನೆಗ ಎಲ್ಡು ಸೇರಂಗ ಏಳು ಮನೆಗೂ ಆಯ್ತದ. ಕಾಳಿಗ ಕಾಳು, ಮಾಗೀಲಿ ವಾಪಸ್ಸು ಕೊಡಿ. ಆಳು ಕಳ್ಸಿ, ಎತ್ಕೊಡ್ತೀನಿ."

ಆಳು ಕಳಿಸುವುದು ಸುಲಭವಾಗಿತ್ತು. ಶಿವಮಲ್ಲಮ್ಮ ಜಗಲಿಯಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಹೊರಟಳು. ಹೆಂಗಸರು ಮುಖಮುಖ ನೋಡಿಕೊಂಡರು. ಊರಿನ ಯಾವ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಬಲ್ಲವಳು ಅವಳು. ಕೇರಿಯ ಕಡೆಗೆ ಮಾತ್ರ ಒಂದು ಹೆಜ್ಜೆ ಇಟ್ಟವಳಲ್ಲ. ಮುಂದೆ ಚೌಡಮ್ಮ, ಹಿಂದೆ ಶಿವಮಲ್ಲಮ್ಮ, ಅವಳ ಹಿಂದೆ ಮೊರ ಹಿಡಿದ ಪುಟ್ಟಬಸಮ್ಮ. ಚೌಡಮ್ಮನ ಮನೆಯ ಬಾಗಿಲು ಗಿಡ್ಡ, ತಲೆ ತಗ್ಗಿಸಬೇಕಾಯಿತು.

ಒಳಗೆ ಸಾರಿಸಿದ ನೆಲ ಕನ್ನಡಿಯ ಹಾಗಿತ್ತು. ಒಲೆಯಿಂದ ಆಳೆತ್ತರದಲ್ಲಿ, ಬೆಂಕಿಯ ಕಾವು ತಾಗದೆ ಹೊಗೆ ಮಾತ್ರ ಸೋಕುವ ಜಾಗದಲ್ಲಿ, ಬಿಡಿಸದ ಅವರೆಕಾಯಿಗಳು ಬಳ್ಳಿಯ ಸಮೇತ ಕಟ್ಟುಕಟ್ಟಾಗಿ ತೂಗುತ್ತಿದ್ದವು. ಚೌಡಮ್ಮ ಒಂದು ಕಟ್ಟು ಬಿಚ್ಚಿ, ಒಂದು ಕಾಯಿ ಸೀಳಿ ಅಂಗೈಗೆ ಹಾಕಿದಳು. ನಾಲ್ಕು ಕಾಳು, ಒಂದಕ್ಕೂ ತೂತಿಲ್ಲ. ಶಿವಮಲ್ಲಮ್ಮ ಕಾಳನ್ನು ಹಲ್ಲಿಗೆ ಕೊಟ್ಟು ಕಟ್ಟೆಂದು ಕಡಿದು ನೋಡಿದಳು. ಇಪ್ಪತ್ತು ವರ್ಷ ಗದರಿದ್ದು ಇದಕ್ಕೇ ಎಂದು ನೆನೆದು ಅವಳಿಗೆ ನಾಚಿಕೆಯಾಯಿತು. ಪುಟ್ಟಬಸಮ್ಮ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಹೊಗೆಗಿಂತ ಬೂದಿಯೇ ವಾಸಿ ಎಂದೋ, ಕಟ್ಟು ಇನ್ನೂ ಗೇಣು ಮೇಲಿರಬೇಕಿತ್ತು ಎಂದೋ ಈಗ ಬಂದೇ ಬರುತ್ತದೆ ಎಂದು ಕಾದಳು.

"ಇದ ಎಂಗ ಕಟ್ಟಿದ್ದೀಯ ಚೌಡಮ್ಮ?" ಎಂದಳು ಶಿವಮಲ್ಲಮ್ಮ. "ನಂಗ ಗೊತ್ತಿಲ್ಲ. ಏಳ್ಕೊಡು."

ಚೌಡಮ್ಮ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ ತಂದು ಒಲೆಯ ಪಕ್ಕ ಹಾಸಿ, ಕೈಯಿಂದ ಎರಡು ಸಲ ಕೊಡವಿದಳು.

"ಮೊದ್ಲು ಕೂತ್ಕಳಿ. ನಿಂತ್ಕಂಡು ಕೇಳುದ್ರ ತಲೆಗೋಗಲ್ಲ" ಎಂದಳು.

ಶಿವಮಲ್ಲಮ್ಮ ಕೂತಳು.