ನೀರಿನ ಮಾತ್ರೆ

ಅವ್ವನಿಗೆ ಬಿಪಿಗೆಂದು ದಿನಕ್ಕೆ ಎರಡು ಮಾತ್ರೆ. ಒಂದು ಬಿಳಿಯದು, ಇನ್ನೊಂದು ಚಿಕ್ಕ ಹಳದಿಯದು. ಹಳದಿಯದು ಮೈಯ ನೀರನ್ನು ಹೊರಗೆ ಹಾಕಿ ಬಿಪಿ ಇಳಿಸುತ್ತದೆ ಎಂದು ಹುಣಸೂರಿನ ಡಾಕ್ಟರು ಹೇಳಿದ್ದರು. "ತಿಂಡಿ ಆದ್ಮೇಲೆ ಎರಡೂ ಒಂದೊಂದು. ಒಂದಿನ ಮರೆತ್ರೆ ಬಿಟ್ಬಿಡಿ, ಮಾರನೇ ದಿನ ಸೇರಿಸಿ ತಗೋಬೇಡಿ. ಕೂತವರು ನಿಧಾನಕ್ಕೆ ಏಳಿ." ಅವ್ವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕೇಳಿಸಿಕೊಂಡವಳು ನಾನು.

ನನ್ನನ್ನು ಕೊಟ್ಟಿರುವುದು ಕೆ.ಆರ್. ನಗರದ ಕಡೆಗೆ. ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಪಿರಿಯಾಪಟ್ಟಣದ ಹತ್ತಿರದ ತವರಿಗೆ ಬಂದು ಒಂದು ವಾರ ಇರುತ್ತೇನೆ. ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ಚಪ್ಪರ ಹಾಕಿರುತ್ತಾರೆ. ಹೆಂಗಸರು ಅಲ್ಲಿ ಕೂತು ಹಸಿ ಎಲೆಗಳನ್ನು ಕೋಲಿಗೆ ಕಟ್ಟುತ್ತಾರೆ. ಅವ್ವನಷ್ಟು ಬೇಗ ಕಟ್ಟುವವರು ಊರಲ್ಲಿ ಇರಲಿಲ್ಲ, ಆ ಜಂಬವೂ ಅವಳಿಗೆ ಇತ್ತು.

ಒಂದು ಬೆಳಿಗ್ಗೆ ಅವಳ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರೆ ಹಳದಿ ಮಾತ್ರೆಗಳು ಸಿಕ್ಕವು, ವಾರಕ್ಕಾಗುವಷ್ಟು.

"ಇವನ್ನ ಯಾಕವ್ವ ನುಂಗಿಲ್ಲ?"

"ಬಿಳೇದು ನುಂಗ್ತಾ ಇವ್ನಿ ಕಣವ್ವ. ಇದ್ನ ನುಂಗುದ್ರೆ ಗಳ್ಗೆಗೊಂದ್ಸಲ ಏಳ್ಬೇಕು. ಬ್ಯಾರನ್ ಸುತ್ಲೂ ಗಂಡಸ್ರು ಓಡಾಡ್ತಿರ್ತಾರೆ, ಎಲ್ಗೋಗಿ ಕುಂತ್ಕಳ್ಳಿ? ಸೊಪ್ಪಿನ್ ಕೆಲ್ಸ ಮುಗೀಲಿ ಬುಡು."

ನ್ಯಾಯವಾದ ಮಾತೇ. ಆದರೆ ನನ್ನ ಸಿಟ್ಟಿಗೆ ನ್ಯಾಯ ಎಲ್ಲಿ ಕಾಣುತ್ತದೆ? ಆಸ್ಪತ್ರೆಗೆ ಅಲೆಯುವವಳು ನಾನು, ಚೀಲಕ್ಕೆ ತುಂಬಿಕೊಳ್ಳುವವಳು ನೀನು ಎಂದು ಬಾಯಿಗೆ ಬಂದಂತೆ ಅಂದೆ. ಬಿಳಿ ಮಾತ್ರೆಯ ಜೊತೆ ಮೂರು ಹಳದಿ ಮಾತ್ರೆಗಳನ್ನು ಅವಳ ಅಂಗೈಗೆ ಸುರಿದು, ನುಂಗುವ ತನಕ ಎದುರಿಗೇ ನಿಂತೆ. ಡಾಕ್ಟರ ಮಾತು ಮರೆತಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಒಂದು ದಿನಕ್ಕೆ ಏನಾಗುತ್ತದೆ, ಬುದ್ಧಿಯಾದರೂ ಬರಲಿ ಎಂದುಕೊಂಡೆ.

ಅವ್ವ ನುಂಗಿ ಕೆಲಸಕ್ಕೆ ಹೋದಳು. ಪದೇ ಪದೇ ಏಳಬೇಕಾಗುತ್ತದೆಂದು ಅಂದು ಒಂದು ಗುಟುಕು ನೀರೂ ಕುಡಿಯಲಿಲ್ಲವಂತೆ. ಚಪ್ಪರದಾಚೆ ಬಿಸಿಲು, ಪಕ್ಕದಲ್ಲಿ ಉರಿಯುತ್ತಿದ್ದ ಬ್ಯಾರನ್ನಿನ ಝಳ. ಮಧ್ಯಾಹ್ನದ ಹೊತ್ತಿಗೆ ಕಟ್ಟಿದ ಕೋಲು ಕೊಡಲು ದಡಕ್ಕನೆ ಎದ್ದವಳು ಕಣ್ಣು ಕತ್ತಲೆಗಟ್ಟಿ ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಿ ಗಾಬರಿಯಾದರು. ಇಷ್ಟು ಕೆಳಗೆ ಹೇಗೆ ಇಳಿಯಿತು, ಮಾತ್ರೆ ಎಷ್ಟು ತಗೊಂಡಿದ್ದರು ಎಂದು ನನ್ನನ್ನೇ ಕೇಳಿದರು. ಅಣ್ಣನೂ ಪಕ್ಕದಲ್ಲೇ ಇದ್ದ. ನಾನು ಅಣ್ಣನ ಕಡೆ ನೋಡಿದೆ. ಹಾಸಿಗೆಯಲ್ಲಿ ನರಳುತ್ತಿದ್ದ ಅವ್ವ ಹೇಳಿದಳು: "ನಾನೇ ಕಣ್ ಸ್ವಾಮಿ. ನುಂಗಿದ್ದು ಮರ್ತೋಗಿ, ತಿರ್ಗ ತಿರ್ಗ ನುಂಗ್ಬುಟ್ಟೆ."

ಡಾಕ್ಟರು ಅವಳನ್ನು ಬೈದರು. ಅಷ್ಟು ನೋವಿನಲ್ಲೂ ಅವಳು ತಪ್ಪಾಯ್ತು ಅಂದಳು. ನಾನು ನಿಂತು ಕೇಳಿಸಿಕೊಂಡೆ.

ಆಮೇಲೆ ಅವ್ವ ನಡೆಯಲಿಲ್ಲ. ಈಗ ಬೆನ್ನು ಹುಣ್ಣಾಗಿದೆ. ನೋಡಲು ಬಂದವರಿಗೆಲ್ಲ ಅಣ್ಣ, "ಮರೆವು ಕಣ್ರೀ, ಮಾತ್ರೆ ಲೆಕ್ಕ ತಪ್ಪಿಸ್ಕಂಡ್ರು" ಎನ್ನುತ್ತಾನೆ. ಅವ್ವ ಮಲಗಿದಲ್ಲಿಂದಲೇ ಹೂಂ ಎನ್ನುತ್ತಾಳೆ, ನನ್ನ ಕಡೆ ನೋಡದೆ. ನಾನು ಬಂದವರಿಗೆ ಕಾಫಿ ಕೊಡುತ್ತೇನೆ.